ಗದ್ದಲದ ವೇದಿಕೆಗೆ ಯಾವ ಮೈಕ್? ಮೊದಲು ಅದರ ಕಿವುಡು ದಿಕ್ಕು ನೋಡಿ

ಗಣೇಶನ ಪೆಂಡಾಲಿನಲ್ಲಿ ರಸಮಂಜರಿ ನಡೆಯುತ್ತಿದೆ ಅಂದುಕೊಳ್ಳಿ. ವೇದಿಕೆ ಚಿಕ್ಕದು. ಹಿಂದೆ ಡ್ರಮ್ಸ್, ಪಕ್ಕದಲ್ಲಿ ಗಿಟಾರ್ ಆಂಪ್, ಕಾಲ ಬಳಿ ಗಾಯಕರಿಗೆ ತಮ್ಮ ದನಿ ಕೇಳಿಸುವ ಮಾನಿಟರ್ ಸ್ಪೀಕರ್. ಗಾಯಕಿಯ ದನಿ ಜನರಿಗೆ ಸರಿಯಾಗಿ ಕೇಳುತ್ತಿಲ್ಲ. ಮಿಕ್ಸರ್ ಮುಂದೆ ಕೂತವರು ಆಕೆಯ ಫೇಡರನ್ನು ಮೇಲೆ ತಳ್ಳುತ್ತಾರೆ. ದನಿಯೇನೋ ಸ್ವಲ್ಪ ಮೇಲೆ ಬರುತ್ತದೆ, ಆದರೆ ಅದರ ಜೊತೆಗೆ ಡ್ರಮ್ಸ್ ಕೂಡ ಮೇಲೆ ಬರುತ್ತದೆ. ಇನ್ನೂ ತಳ್ಳಿದರೆ ಸ್ಪೀಕರ್ ‘ಕುಂಯ್’ ಎಂದು ಕಿರುಚುತ್ತದೆ. ಅಷ್ಟರಲ್ಲಿ ಸಂಘಟಕರೊಬ್ಬರು ಓಡಿ ಬಂದು, “ಈ ಮೈಕ್ ಸರಿ ಇಲ್ಲ ಸಾರ್, ಬೇರೆ ಒಳ್ಳೇದು ಕೊಡಿ” ಅನ್ನುತ್ತಾರೆ.

ಬೇರೆ ಮೈಕ್ ಕೊಟ್ಟರೆ ಸರಿಹೋಗಬಹುದು. ಹೋಗದೆಯೂ ಇರಬಹುದು. ದುಬಾರಿ ಮೈಕ್ ಕೊಟ್ಟು ಇನ್ನೂ ಕೆಡುವುದೂ ಉಂಟು. ಗದ್ದಲದ ವೇದಿಕೆಯಲ್ಲಿ ಮೈಕ್ ಎಷ್ಟು ಚೆನ್ನಾಗಿ ಕೇಳಿಸಿಕೊಳ್ಳುತ್ತದೆ ಅನ್ನುವುದಕ್ಕಿಂತ, ಯಾವ ದಿಕ್ಕಿನ ಸದ್ದನ್ನು ಅದು ಕೇಳಿಸಿಕೊಳ್ಳುವುದಿಲ್ಲ ಅನ್ನುವುದು ಮುಖ್ಯ. ಆ ದಿಕ್ಕಿಗೆ ನಿಮ್ಮ ಅತಿ ಜೋರಾದ ಸ್ಪೀಕರ್ ಬರುವಂತೆ ಇಟ್ಟಿದ್ದೀರಾ ಅನ್ನುವುದು ಅದಕ್ಕಿಂತ ಮುಖ್ಯ. ಅಂಗಡಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ‘ಹಲೋ, ಚೆಕ್’ ಅಂದು ಆರಿಸಿದ ಮೈಕ್ ವೇದಿಕೆಯಲ್ಲಿ ಕೈಕೊಡುವುದು ಇದೇ ಕಾರಣಕ್ಕೆ. ಅಂಗಡಿಯಲ್ಲಿ ಡ್ರಮ್ಸ್ ಇರುವುದಿಲ್ಲವಲ್ಲ.

ಮೈಕಿಗೆ ಎರಡು ಬಗೆಯ ಸದ್ದು ಬರುತ್ತದೆ. ಒಂದು ಹಾಡುವವರ ಬಾಯಿಯದು, ಅದು ನಮಗೆ ಬೇಕು. ಉಳಿದದ್ದೆಲ್ಲ ಸೋರಿಕೆ. ಡ್ರಮ್ಸ್, ಆಂಪ್, ಮಾನಿಟರ್, ಹೊರಗಿನ ದೊಡ್ಡ ಸ್ಪೀಕರುಗಳು ಎಲ್ಲವೂ ಅದರಲ್ಲಿ ಸೇರಿವೆ. ಸೌಂಡಿನವರು ಇದನ್ನು ಬ್ಲೀಡ್ ಅನ್ನುತ್ತಾರೆ. ಸೋರಿ ಬಂದ ಸದ್ದು ಮತ್ತೆ ಸ್ಪೀಕರಿನಿಂದ ಹೊರಬಂದು, ಮತ್ತೆ ಮೈಕಿಗೆ ಬಂದು, ಪ್ರತಿ ಸುತ್ತಿನಲ್ಲೂ ಬೆಳೆಯುತ್ತಾ ಹೋದರೆ ಅದೇ ಫೀಡ್‌ಬ್ಯಾಕ್. ಹಾಗಾಗಿ ಬ್ಲೀಡ್, ಫೀಡ್‌ಬ್ಯಾಕ್ ಎರಡಕ್ಕೂ ಮದ್ದು ಒಂದೇ. ಮೈಕಿನಲ್ಲಿ ಬಾಯಿಯ ಪಾಲು ಹೆಚ್ಚಬೇಕು, ಉಳಿದದ್ದರ ಪಾಲು ಇಳಿಯಬೇಕು. ಫೇಡರ್ ಈ ಕೆಲಸ ಮಾಡಲಾರದು. ಅದು ಎರಡನ್ನೂ ಒಟ್ಟಿಗೆ ಏರಿಸುತ್ತದೆ, ಒಟ್ಟಿಗೆ ಇಳಿಸುತ್ತದೆ.

ಮೊದಲ ಮಾತು ಬಾಯಿ ಮತ್ತು ಮೈಕಿನ ದೂರದ್ದು

ಮೈಕಿನ ಹೆಸರು, ಮಾಡೆಲ್ ಎಲ್ಲಾ ಆಮೇಲೆ. ಬಾಯಿಯಿಂದ ಮೈಕ್ ಎಷ್ಟು ದೂರದಲ್ಲಿದೆ ಅನ್ನುವುದರಷ್ಟು ದೊಡ್ಡ ವ್ಯತ್ಯಾಸವನ್ನು ಬೇರೆ ಯಾವುದೂ ಮಾಡುವುದಿಲ್ಲ. ದೂರ ಎರಡು ಪಟ್ಟಾದರೆ ಸದ್ದು 6 ಡೆಸಿಬೆಲ್ (ಸದ್ದಿನ ಮಟ್ಟದ ಅಳತೆ) ಇಳಿಯುತ್ತದೆ. ತುಟಿಯಿಂದ 2.5 ಸೆಂಟಿಮೀಟರ್‌ನಲ್ಲಿ ಇದ್ದ ಮೈಕನ್ನು 5 ಸೆಂಟಿಮೀಟರ್‌ಗೆ ಸರಿಸಿದರೆ 6 ಡೆಸಿಬೆಲ್ ಹೋಯಿತು. 10ಕ್ಕೆ ಹೋದರೆ 12. 20 ಸೆಂಟಿಮೀಟರ್‌ನಲ್ಲಿ, ಅಂದರೆ ಸುಮಾರು ಒಂದು ಗೇಣು ದೂರದಲ್ಲಿ, 18 ಡೆಸಿಬೆಲ್ ಹೋಗಿರುತ್ತದೆ. ಬಾಯಿಗೆ ಅಷ್ಟು ಹತ್ತಿರದಲ್ಲಿ ಈ ಲೆಕ್ಕ ಕೂದಲೆಳೆಯಷ್ಟು ಕರಾರುವಾಕ್ಕಾಗಿ ನಡೆಯುವುದಿಲ್ಲ, ಆದರೆ ದಿಕ್ಕು ಇದೇ.

ಅದೇ ಹೊತ್ತಿಗೆ ಡ್ರಮ್ಸ್ ಎರಡೂವರೆ ಮೀಟರ್ ಹಿಂದೆ ಇದೆ. ಮೈಕ್ ಒಂದು ಗೇಣು ಆಚೀಚೆ ಆದರೆ ಡ್ರಮ್ಸ್‌ಗೆ ಏನೂ ಆಗುವುದಿಲ್ಲ. ಅದು ಮೊದಲು ಎಷ್ಟು ಜೋರಾಗಿ ಬರುತ್ತಿತ್ತೋ ಈಗಲೂ ಅಷ್ಟೇ ಜೋರಾಗಿ ಬರುತ್ತದೆ. ಅಂದರೆ ಗಾಯಕರು ಮೈಕನ್ನು ಎದೆಯ ಹತ್ತಿರ ಹಿಡಿದ ಕೂಡಲೇ ಬಾಯಿಯ ಪಾಲು ಕುಸಿಯುತ್ತದೆ, ಸೋರಿಕೆ ಹಾಗೇ ಉಳಿಯುತ್ತದೆ. ಇದನ್ನು ಮಿಕ್ಸರಿನಲ್ಲಿ ಸ್ವರಗಳನ್ನು ಏರಿಸಿ ಇಳಿಸುವ ಯಾವ ಈಕ್ಯೂ ಕೂಡ ಸರಿ ಮಾಡಲಾರದು.

ಶಾಸ್ತ್ರೀಯ ಸಂಗೀತ ಹಾಡಿ ಬೆಳೆದವರಿಗೆ ಇದು ಕಷ್ಟ ಅನ್ನಿಸುತ್ತದೆ. ಕಛೇರಿಯಲ್ಲಿ ಮೈಕ್ ಒಂದು ಗೇಣು ದೂರ ಇರುತ್ತದೆ, ತಲೆ ತೂಗುತ್ತಾ ಹಾಡುವ ಅಭ್ಯಾಸ ಇರುತ್ತದೆ, ಅಲ್ಲಿ ಅದು ಚೆನ್ನಾಗಿಯೇ ನಡೆಯುತ್ತದೆ. ಅವರೇ ಫ್ಯೂಷನ್ ಬ್ಯಾಂಡಿನ ಜೊತೆ ಡ್ರಮ್ಸ್ ಮುಂದೆ ನಿಂತಾಗ ಅದೇ ದೂರ ಇಟ್ಟುಕೊಂಡರೆ ಗಮಕಗಳೆಲ್ಲ ಡ್ರಮ್ಸ್‌ನ ಲೋಹದ ತಟ್ಟೆಗಳ, ಅಂದರೆ ಸಿಂಬಲ್ಲಿನ, ಸದ್ದಿನಲ್ಲಿ ಮುಳುಗುತ್ತವೆ. ಅವರ ಹಾಡುಗಾರಿಕೆಯ ಸೂಕ್ಷ್ಮ ಜನರಿಗೆ ತಲುಪಬೇಕೆಂದರೆ ತುಟಿ ಜಾಲರಿಯ ಹತ್ತಿರ ಇರಲೇಬೇಕು. ಇದನ್ನು ಸೌಂಡ್‌ಚೆಕ್ ಸಮಯದಲ್ಲೇ ಗೌರವದಿಂದ, ಕಾರಣ ಸಮೇತ ಹೇಳಬೇಕು. ಕಾರಣ ಗೊತ್ತಾದರೆ ಯಾರೂ ಬೇಡ ಅನ್ನುವುದಿಲ್ಲ.

ಮೈಕಿಗೆ ಬೆನ್ನೂ ಇದೆ, ಪಕ್ಕವೂ ಇದೆ

ವೇದಿಕೆಯ ಮೈಕುಗಳು ಎಲ್ಲಾ ಕಡೆಯಿಂದಲೂ ಒಂದೇ ಸಮ ಕೇಳಿಸಿಕೊಳ್ಳುವುದಿಲ್ಲ. ಅದರ ಗುಟ್ಟು ಜಾಲರಿಯ ಕೆಳಗಿರುವ ಸಣ್ಣ ಸೀಳುಗಳಲ್ಲಿದೆ. ಮೈಕಿನೊಳಗಿನ ತೆಳು ಪೊರೆಗೆ ಮುಂದಿನಿಂದಲೂ ಸದ್ದು ಬರುತ್ತದೆ, ಆ ಸೀಳುಗಳ ಮೂಲಕ ಹಿಂದಿನಿಂದಲೂ ಬರುತ್ತದೆ. ಹಿಂದಿನ ದಾರಿಯಲ್ಲಿ ಸದ್ದು ಸ್ವಲ್ಪ ತಡವಾಗುವಂತೆ ಮಾಡಿರುತ್ತಾರೆ. ಮೈಕಿನ ಬೆನ್ನ ಕಡೆಯಿಂದ ಬಂದ ಸದ್ದು ಈ ಎರಡೂ ದಾರಿಯಿಂದ ಒಂದೇ ಹೊತ್ತಿಗೆ ಪೊರೆಯ ಎರಡು ಬದಿಗೂ ತಲುಪುತ್ತದೆ. ಎರಡೂ ಕಡೆಯಿಂದ ಸಮನಾಗಿ ಒತ್ತಿದರೆ ಪೊರೆ ಅಲುಗುವುದಿಲ್ಲ. ಹಾಗಾಗಿ ಆ ದಿಕ್ಕಿಗೆ ಮೈಕ್ ಕಿವುಡು. ಒಂದೇ ಕ್ಯಾಪ್ಸೂಲಿನಲ್ಲಿ (ಪೊರೆ ಇರುವ ಮೈಕಿನ ತಲೆಭಾಗ) ಇದನ್ನು ಸಾಧಿಸಿದ ಮೊದಲ ಡೈನಾಮಿಕ್ ಮೈಕ್ 1939ರಲ್ಲಿ ಅಮೆರಿಕದ ಶೂರ್ ಕಂಪನಿಯಿಂದ ಬಂದ ಯೂನಿಡೈನ್. ಬೆಂಜಮಿನ್ ಬಾವರ್ ಅನ್ನುವ ಎಂಜಿನಿಯರ್ ಅದರ ಹಿಂದಿದ್ದರು.

ಇಂಥ ಮೈಕ್ ಕೇಳಿಸಿಕೊಳ್ಳುವ ಪ್ರದೇಶವನ್ನು ಕಾಗದದ ಮೇಲೆ ಬಿಡಿಸಿದರೆ ವೀಳ್ಯದೆಲೆಯಂತೆ ಕಾಣುತ್ತದೆ. ತೊಟ್ಟು ಸೇರುವ ಒಳಬಾಗಿದ ಜಾಗವೇ ಅದರ ಕಿವುಡು ದಿಕ್ಕು. ಇದು ಕಾರ್ಡಿಯಾಯ್ಡ್. ನೇರ ಹಿಂದೆ, ಅಂದರೆ 180 ಡಿಗ್ರಿಯಲ್ಲಿ, ಇದಕ್ಕೆ ಕಿವಿ ಅತಿ ಕಡಿಮೆ. ಪಕ್ಕದಿಂದ, 90 ಡಿಗ್ರಿಯಿಂದ ಬಂದ ಸದ್ದು 6 ಡೆಸಿಬೆಲ್ ಕಡಿಮೆಯಾಗಿ ಕೇಳುತ್ತದೆ.

ಇದಕ್ಕಿಂತ ಕಿರಿದಾದ ಬಗೆ ಸೂಪರ್‌ಕಾರ್ಡಿಯಾಯ್ಡ್. ಪಕ್ಕದ ಸದ್ದನ್ನು ಇದು ಸುಮಾರು 9 ಡೆಸಿಬೆಲ್ ಇಳಿಸುತ್ತದೆ. ಆದರೆ ಅದರ ಕಿವುಡು ದಿಕ್ಕು ನೇರ ಹಿಂದೆ ಇಲ್ಲ. ಸುಮಾರು 126 ಡಿಗ್ರಿಯಲ್ಲಿ, ಮೈಕಿನ ಬಾಲದ, ಅಂದರೆ ಹಿಂತುದಿಯ, ಎಡಕ್ಕೂ ಬಲಕ್ಕೂ ಇದೆ. ನೇರ ಹಿಂದೆ ಅದು ಮತ್ತೆ ಸ್ವಲ್ಪ ಕೇಳಿಸಿಕೊಳ್ಳುತ್ತದೆ. ಇನ್ನೂ ಕಿರಿದಾದದ್ದು ಹೈಪರ್‌ಕಾರ್ಡಿಯಾಯ್ಡ್. ಪಕ್ಕದಿಂದ 12 ಡೆಸಿಬೆಲ್ ಇಳಿಕೆ, ಕಿವುಡು ದಿಕ್ಕು 110 ಡಿಗ್ರಿಯ ಹತ್ತಿರ. ಆದರೆ ನೇರ ಹಿಂದಿನಿಂದ ಬಂದ ಸದ್ದು ಕೇವಲ 6 ಡೆಸಿಬೆಲ್ ಇಳಿಯುತ್ತದೆ. ಈ ಅಂಕಿಗಳು ಪುಸ್ತಕದ ಲೆಕ್ಕ. ನಿಜವಾದ ಮೈಕಿನಲ್ಲಿ ಸ್ವರ ಬದಲಾದಂತೆ ಇವೂ ಬದಲಾಗುತ್ತವೆ. ಮಂದ್ರದಲ್ಲಿ ಒಂದು ಆಕಾರ, ತಾರದಲ್ಲಿ ಇನ್ನೊಂದು. ಒಳ್ಳೆಯ ಮೈಕಿಗೂ ಸಾಧಾರಣ ಮೈಕಿಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ ಇದೆ. ಒಳ್ಳೆಯ ಮೈಕ್ ಎಲ್ಲಾ ಸ್ವರಕ್ಕೂ ಹೆಚ್ಚುಕಡಿಮೆ ಒಂದೇ ಆಕಾರ ಉಳಿಸಿಕೊಳ್ಳುತ್ತದೆ. ಆಗ ಸೋರಿ ಬಂದ ಡ್ರಮ್ಸ್ ಕೂಡ ಡ್ರಮ್ಸ್‌ನಂತೆಯೇ ಕೇಳುತ್ತದೆ, ಡಬ್ಬಿ ಬಡಿದಂತೆ ಕೇಳುವುದಿಲ್ಲ.

ಇಲ್ಲಿ ಬಹಳ ಜನ ತಪ್ಪು ತಿಳಿಯುತ್ತಾರೆ. ‘ಹೈಪರ್ ಅಂದರೆ ಕಿರಿದು, ಕಿರಿದಾದಷ್ಟೂ ಒಳ್ಳೆಯದು’ ಅಂದುಕೊಂಡು ಅದನ್ನೇ ಕೊಳ್ಳುತ್ತಾರೆ. ಎಲ್ಲಾ ದಿಕ್ಕಿನಿಂದಲೂ ಸಮನಾಗಿ ಬರುವ ಗದ್ದಲವನ್ನು ಲೆಕ್ಕ ಹಾಕಿ ನೋಡಿ. ಎಲ್ಲಾ ಕಡೆಯಿಂದ ಕೇಳುವ ಮೈಕಿಗಿಂತ ಕಾರ್ಡಿಯಾಯ್ಡ್ ಅದನ್ನು 4.8 ಡೆಸಿಬೆಲ್ ಇಳಿಸುತ್ತದೆ, ಹೈಪರ್ 6 ಡೆಸಿಬೆಲ್ ಇಳಿಸುತ್ತದೆ. ವ್ಯತ್ಯಾಸ ಒಂದು ಡೆಸಿಬೆಲ್ ಚಿಲ್ಲರೆ, ಅಷ್ಟೇ. ಗಾಯಕರು ಮೈಕನ್ನು ಎರಡು ಬೆರಳು ಹತ್ತಿರ ತಂದರೆ ಅದಕ್ಕಿಂತ ಎಷ್ಟೋ ಜಾಸ್ತಿ ಸಿಗುತ್ತದೆ. ಹಾಗಾದರೆ ಸೂಪರ್, ಹೈಪರ್ ಯಾಕೆ ಬೇಕು? ಕಿವುಡು ದಿಕ್ಕನ್ನು ಸರಿಯಾಗಿ ಗುರಿಯಿಟ್ಟಾಗ ಅವುಗಳಿಂದ ಬಹಳ ಲಾಭವಿದೆ. ಗುರಿಯಿಡದೆ ಸುಮ್ನೆ ಕೊಂಡರೆ ಇಲ್ಲ.

ಗುರಿಯಿಡುವುದು ಹೀಗೆ. ಕಾರ್ಡಿಯಾಯ್ಡ್ ಮೈಕಾದರೆ ಮಾನಿಟರ್ ಗಾಯಕರ ನೇರ ಮುಂದೆ ಇರಬೇಕು, ಮೈಕಿನ ಬಾಲ ಅದರ ಕಡೆ ಬಾಗಿರಬೇಕು. ಸೂಪರ್ ಆದರೆ ಎರಡು ಮಾನಿಟರುಗಳನ್ನು ಎಡಕ್ಕೊಂದು ಬಲಕ್ಕೊಂದು ಇಡುವುದು ರೂಢಿ. ಒಂದೇ ಮಾನಿಟರ್ ಇದ್ದರೂ ದಾರಿಯಿದೆ. ಮೈಕ್ ನೆಲದಿಂದ 5 ಅಡಿ ಎತ್ತರದಲ್ಲಿ ಮಲಗಿದಂತೆ ನೇರವಾಗಿದೆ, ಮಾನಿಟರ್ 4 ಅಡಿ ಮುಂದೆ ನೆಲದ ಮೇಲಿದೆ ಅಂದುಕೊಳ್ಳಿ. ಆಗ ಮಾನಿಟರ್ ಇರುವುದು ಮೈಕಿನ ಬಾಲಕ್ಕಿಂತ ಸುಮಾರು 50 ಡಿಗ್ರಿ ಕೆಳಗೆ. ಮುಂಭಾಗದಿಂದ ಎಣಿಸಿದರೆ ಸುಮಾರು 130 ಡಿಗ್ರಿ. ಸೂಪರ್‌ಕಾರ್ಡಿಯಾಯ್ಡ್‌ನ ಕಿವುಡು ದಿಕ್ಕು ಸರಿಯಾಗಿ ಅಲ್ಲೇ! ಅಂದರೆ ಕಾರ್ಡಿಯಾಯ್ಡ್ ಮೈಕಿನ ಬಾಲವನ್ನು ಕೆಳಕ್ಕೆ ಬಾಗಿಸಿ ಹಿಡಿಯಬೇಕು, ಸೂಪರ್ ಮೈಕನ್ನು ನೆಲಕ್ಕೆ ಸಮನಾಗಿ ಹಿಡಿಯಬೇಕು. ಒಂದೇ ವೇದಿಕೆ, ಒಂದೇ ಮಾನಿಟರ್, ಹಿಡಿಯುವ ಕೋನ ಮಾತ್ರ ಬೇರೆ. ಎಷ್ಟೋ ಕಡೆ ಮೈಕ್ ಬದಲಿಸಿದ ಮೇಲೂ ಹಳೆಯ ಸ್ಟ್ಯಾಂಡ್ ಕೋನವನ್ನೇ ಉಳಿಸಿಕೊಂಡು ‘ಇದೇನು, ಮೊದಲಿಗಿಂತ ಜಾಸ್ತಿ ಕುಂಯ್ ಅನ್ನುತ್ತಿದೆ’ ಅನ್ನುತ್ತಾರೆ.

ಆ ಸೀಳುಗಳ ವಿಷಯಕ್ಕೆ ಮತ್ತೊಮ್ಮೆ ಬರುತ್ತೇನೆ, ಯಾಕೆಂದರೆ ಅದನ್ನು ಮುಚ್ಚಿದರೆ ಎಲ್ಲಾ ಲೆಕ್ಕವೂ ಹಾಳು. ಸ್ಟೈಲ್‌ಗೆಂದು ಜಾಲರಿಯನ್ನೇ ಮುಷ್ಟಿಯಲ್ಲಿ ಹಿಡಿದು ಹಾಡುವವರು ಇದ್ದಾರಲ್ಲ, ಅವರ ಕೈ ಹಿಂದಿನ ದಾರಿಯನ್ನು ಮುಚ್ಚುತ್ತದೆ. ಆಗ ಎಷ್ಟೇ ಬೆಲೆಯ ಮೈಕಾದರೂ ಎಲ್ಲಾ ಕಡೆಯಿಂದ ಕೇಳುವ ಮೈಕಾಗುತ್ತದೆ. ಜೊತೆಗೆ ಅಂಗೈಯೊಳಗಿನ ಪೊಳ್ಳು ಒಂದೆರಡು ಸ್ವರವನ್ನು ಹಿಗ್ಗಿಸುತ್ತದೆ. ಇನ್ನೊಂದು ಅಭ್ಯಾಸ ಇದಕ್ಕಿಂತ ಕೆಟ್ಟದ್ದು. ಫೀಡ್‌ಬ್ಯಾಕ್ ಬಂದ ತಕ್ಷಣ ಗಾಬರಿಯಿಂದ ಮೈಕಿನ ತಲೆಯನ್ನು ಅಂಗೈಯಿಂದ ಮುಚ್ಚುತ್ತಾರೆ. ಆಗ ಕಿರುಚಾಟ ಇನ್ನೂ ಜೋರಾಗುತ್ತದೆ. ಮುಚ್ಚಬೇಡಿ. ಬಾಯಿಗೆ ಹತ್ತಿರ ತನ್ನಿ, ಅಥವಾ ಬಾಲವನ್ನು ಮಾನಿಟರ್ ಕಡೆ ತಿರುಗಿಸಿ.

ಗಾಯಕರ ಬೆನ್ನ ಹಿಂದೆ ಏನಿದೆ?

ಮೈಕ್ ಗಾಯಕರ ಮುಖ ನೋಡುತ್ತಿರುತ್ತದೆ. ಗಾಯಕರ ಬೆನ್ನ ಹಿಂದೆ ಡ್ರಮ್ಸ್ ಇದ್ದರೆ, ಮೈಕ್ ನೇರವಾಗಿ ಡ್ರಮ್ಸ್ ಅನ್ನೇ ನೋಡುತ್ತಿದೆ ಎಂದಾಯಿತು. ಇದಕ್ಕೆ ಕಾರ್ಡಿಯಾಯ್ಡ್, ಸೂಪರ್, ಹೈಪರ್ ಯಾವುದೂ ಉತ್ತರವಲ್ಲ. ಎಲ್ಲಕ್ಕೂ ಮುಂಭಾಗ ಮುಂಭಾಗವೇ. ಗಾಯಕರು ನಿಂತಿರುವಾಗ ಅವರ ತಲೆ, ಮೈ ಸ್ವಲ್ಪ ತಡೆಯುತ್ತದೆ. ಚರಣಕ್ಕೂ ಪಲ್ಲವಿಗೂ ನಡುವೆ ಅವರು ಪಕ್ಕಕ್ಕೆ ಸರಿದರೆ ಆ ತಡೆಯೂ ಹೋಯಿತು. ಸ್ನೇರ್, ಸಿಂಬಲ್ ಎಲ್ಲಾ ನೇರ ಒಳಗೆ ಬರುತ್ತವೆ.

ಇದಕ್ಕೆ ಮೈಕ್ ಕೊಳ್ಳುವ ಮೊದಲು ಜಾಗ ಬದಲಿಸಿ. ಗಾಯಕರನ್ನು ಡ್ರಮ್ಸ್ ನೇರದಿಂದ ಎರಡು ಹೆಜ್ಜೆ ಪಕ್ಕಕ್ಕೆ ನಿಲ್ಲಿಸಿ. ಮೈಕಿನ ಮುಂಭಾಗದಿಂದ ಡ್ರಮ್ಸ್ 60 ಡಿಗ್ರಿ ಆಚೆ ಹೋದರೆ ಕಾರ್ಡಿಯಾಯ್ಡ್ ಅದನ್ನು 2.5 ಡೆಸಿಬೆಲ್ ಇಳಿಸುತ್ತದೆ, ಹೈಪರ್ 4 ಡೆಸಿಬೆಲ್ ಇಳಿಸುತ್ತದೆ. ದೊಡ್ಡ ಸಂಖ್ಯೆ ಅಲ್ಲ, ಆದರೆ ದುಡ್ಡು ಕೊಡದೆ ಸಿಗುವುದು. ಕೆಲವರು ಗಾಯಕರು ದೂರ ಹೋದಾಗ ಮೈಕನ್ನು ತಾನಾಗಿಯೇ ಬಂದ್ ಮಾಡುವ ಆಪ್ಟೊಗೇಟ್ ಎಂಬ ಉಪಕರಣ ಬಳಸುತ್ತಾರೆ. ಮುಖ ಎದುರಿಗೆ ಇದೆಯೇ ಅನ್ನುವುದನ್ನು ಅದು ಇನ್‌ಫ್ರಾರೆಡ್ ಬೆಳಕಿನಿಂದ ಗುರುತಿಸುತ್ತದೆ. ಸ್ಟ್ಯಾಂಡಿನಲ್ಲಿರುವ ಕೋರಸ್ ಮೈಕುಗಳಿಗೆ ಇದು ನಿಜಕ್ಕೂ ಉಪಕಾರಿ.

1974ರಲ್ಲಿ ಈ ಸಮಸ್ಯೆಯ ಅತಿ ದೊಡ್ಡ ರೂಪವನ್ನು ಎದುರಿಸಿದವರು ಅಮೆರಿಕದ ಗ್ರೇಟ್‌ಫುಲ್ ಡೆಡ್ ತಂಡದವರು. ಅದಕ್ಕೆ ಒಂಬತ್ತು ವರ್ಷ ಮೊದಲು, 1965ರ ಆಗಸ್ಟ್ 15ರಂದು, ಬೀಟಲ್ಸ್ ನ್ಯೂಯಾರ್ಕಿನ ಶೇ ಸ್ಟೇಡಿಯಮ್ಮಿನಲ್ಲಿ 55 ಸಾವಿರಕ್ಕೂ ಹೆಚ್ಚು ಜನರ ಮುಂದೆ ಹಾಡಿದ್ದರು. ಅಂದು ಅವರಿಗೆ ಮಾನಿಟರ್ ಇರಲಿಲ್ಲ, ಜನರ ಕೂಗಿನಲ್ಲಿ ತಮ್ಮ ದನಿ ತಮಗೇ ಕೇಳುತ್ತಿರಲಿಲ್ಲ. 1974ರಲ್ಲಿ ಡೆಡ್ ತಂಡದವರು ಇದಕ್ಕೆ ಉಲ್ಟಾ ದಾರಿ ಹಿಡಿದರು. ತಮಗೂ ಜನರಿಗೂ ಒಂದೇ ಸದ್ದು ಕೇಳಬೇಕೆಂದು ಸ್ಪೀಕರುಗಳ ದೊಡ್ಡ ಗೋಡೆಯನ್ನೇ ತಮ್ಮ ಬೆನ್ನ ಹಿಂದೆ ನಿಲ್ಲಿಸಿದರು. ‘ವಾಲ್ ಆಫ್ ಸೌಂಡ್’ ಅಂದರೆ ಅದೇ. ಆದರೆ ಗೋಡೆ ಪೂರ್ತಿ ಮೈಕುಗಳ ಮುಂಭಾಗಕ್ಕೇ ಬಂತು. ಫೀಡ್‌ಬ್ಯಾಕ್ ಆಗದೆ ಇರುತ್ತದೆಯೇ?

ಅವರ ಉಪಾಯ ಸೊಗಸಾಗಿತ್ತು. ಪ್ರತಿ ಗಾಯಕನ ಮುಂದೆ ಒಂದರ ಮೇಲೊಂದು ಎರಡು ಒಂದೇ ತೆರನ ಮೈಕ್ ಇಟ್ಟು, ಒಂದನ್ನು ಉಲ್ಟಾ ಫೇಸಿನಲ್ಲಿ, ಅಂದರೆ ಅದರ ಸಿಗ್ನಲ್ ತಲೆಕೆಳಗಾಗುವಂತೆ, ಜೋಡಿಸಿದರು. ದೂರದ ಗೋಡೆಯ ಸದ್ದು ಎರಡಕ್ಕೂ ಸಮನಾಗಿ ಬಂದು ಒಂದನ್ನೊಂದು ಕಳೆಯುತ್ತಿತ್ತು. ಗಾಯಕ ಮಾತ್ರ ಒಂದೇ ಮೈಕಿಗೆ ತುಟಿ ತಾಗಿಸಿ ಹಾಡುತ್ತಿದ್ದರಿಂದ ಅವನ ದನಿ ಉಳಿಯುತ್ತಿತ್ತು. ಗೋಡೆಯ ಸದ್ದು ಹೋಯಿತು, ಆದರೆ ದನಿ ತೆಳ್ಳಗಾಯಿತು. ಭಾರೀ ಖರ್ಚಿನ ಆ ವ್ಯವಸ್ಥೆಯನ್ನು ಅವರು ಅದೇ ವರ್ಷ ಕೈಬಿಟ್ಟರು. ಬಾಯಿಯ ಹತ್ತಿರ ಇರುವುದು ಎಷ್ಟು ದೊಡ್ಡ ಶಕ್ತಿ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಗೊತ್ತಿಲ್ಲ.

ಡೈನಾಮಿಕ್ಕೋ ಕಂಡೆನ್ಸರೋ

‘ಕಂಡೆನ್ಸರ್ ದೂರದ್ದನ್ನೂ ಎಳೆದುಕೊಳ್ಳುತ್ತದೆ, ಗದ್ದಲದ ವೇದಿಕೆಗೆ ಬೇಡ’ ಅನ್ನುವ ಮಾತು ಎಲ್ಲಾ ಕಡೆ ಇದೆ. ಇದು ಅರ್ಧ ಸತ್ಯ. ಯಾವ ಮೈಕೂ ಸದ್ದನ್ನು ಎಳೆದುಕೊಳ್ಳುವುದಿಲ್ಲ. ಕಂಡೆನ್ಸರಿನ ಔಟ್‌ಪುಟ್ ಜಾಸ್ತಿ, ಅದಕ್ಕೆ ಮಿಕ್ಸರಿನಲ್ಲಿ ಗೇನ್ (ಮೈಕಿನ ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಕಡಿಮೆ ಸಾಕು. ಹಳೆಯ ಮೈಕಿನ ಗೇನ್‌ನಲ್ಲೇ ಕಂಡೆನ್ಸರ್ ಹಾಕಿದರೆ ಎಲ್ಲವೂ ಜೋರಾಗುವುದು ಸಹಜ. ದನಿ ಒಂದೇ ಮಟ್ಟದಲ್ಲಿ ಬರುವಂತೆ ಗೇನ್ ಹೊಂದಿಸಿ ನೋಡಿದರೆ, ಒಂದೇ ಆಕಾರದ ಎರಡು ಮೈಕುಗಳಲ್ಲಿ ಸೋರಿಕೆಯ ಪ್ರಮಾಣ ಹತ್ತಿರ ಹತ್ತಿರ ಇರುತ್ತದೆ.

ಸತ್ಯದ ಇನ್ನರ್ಧ ಏನೆಂದರೆ, ಡೈನಾಮಿಕ್ ಮೈಕಿನ ಪೊರೆಗೆ ತಂತಿಯ ಸುರುಳಿ ಅಂಟಿರುತ್ತದೆ, ಅದು ಭಾರ. ಅತಿ ಮೇಲಿನ ಸ್ವರಗಳಿಗೆ ಅದು ಚುರುಕಾಗಿ ಅಲುಗುವುದಿಲ್ಲ. ಕಂಡೆನ್ಸರಿನ ಪೊರೆ ಹಗುರ, ಸಿಂಬಲ್ಲಿನ ಹೊಳಪೆಲ್ಲ ಅದರಲ್ಲಿ ಬಂದುಬಿಡುತ್ತದೆ. ಸೋರಿಕೆ ಅಷ್ಟೇ ಇದ್ದರೂ ಅದು ಚುಚ್ಚುತ್ತದೆ. ಹಾಗಾಗಿ ಸಿಂಬಲ್ ಹತ್ತಿರ ಇರುವ ಚಿಕ್ಕ ವೇದಿಕೆಗೆ ನಾನು ಡೈನಾಮಿಕ್ ಅನ್ನೇ ಆರಿಸುತ್ತೇನೆ. ಗಾಯಕರು ಮಾನಿಟರ್ ಬದಲು ಕಿವಿಯೊಳಗಿನ ಇನ್-ಇಯರ್ ಹಾಕಿಕೊಂಡು, ಡ್ರಮ್ಸ್ ದೂರ ಇದ್ದು, ವೇದಿಕೆ ಶಾಂತವಾಗಿದ್ದರೆ ನಾಯ್ಮನ್ ಕೆಎಂಎಸ್ 105 ಅಥವಾ ಶೂರ್ ಬೀಟಾ 87ಎ ತರಹದ ಕಂಡೆನ್ಸರ್ ದನಿಗೆ ಕೊಡುವ ಸ್ಪಷ್ಟತೆಯೇ ಬೇರೆ. ಇವಕ್ಕೆ ಮಿಕ್ಸರಿನಿಂದ 48 ವೋಲ್ಟ್ ಫ್ಯಾಂಟಮ್ ಪವರ್ ಬೇಕು ಅನ್ನುವುದು ನೆನಪಿರಲಿ.

ಡೈನಾಮಿಕ್‌ಗಳಲ್ಲಿ ಎಲ್ಲರಿಗೂ ಗೊತ್ತಿರುವುದು 1966ರಲ್ಲಿ ಬಂದ ಶೂರ್ ಎಸ್‌ಎಂ58. ಮೂಲತಃ ಸ್ಟುಡಿಯೊಗೆಂದು ಮಾಡಿದ್ದು, ವೇದಿಕೆಯಲ್ಲಿ ನೆಲೆಯೂರಿತು. ಕಾರ್ಡಿಯಾಯ್ಡ್. ಬಿದ್ದರೂ ಎದ್ದರೂ ಕೆಲಸ ಮಾಡುತ್ತದೆ. ಇದಕ್ಕಿಂತ ಮೇಲ್ಸ್ವರ ಸ್ಪಷ್ಟವಾಗಿ ಬೇಕೆಂದರೆ ಸೆನ್ಹೈಸರ್ ಇ935, ಅದೂ ಕಾರ್ಡಿಯಾಯ್ಡ್. ಸೂಪರ್ ಬೇಕಾದರೆ ಬೀಟಾ 58ಎ, ಸೆನ್ಹೈಸರ್ ಇ945, ಎಕೆಜಿ ಡಿ5 ಇವೆ. ಅತಿ ಗದ್ದಲದ ರಾಕ್ ವೇದಿಕೆಗೆಂದೇ ಹೆಸರಾದದ್ದು ಆಡಿಕ್ಸ್ ಒಎಂ7. ಅದು ಹೈಪರ್, ಔಟ್‌ಪುಟ್ ಕಡಿಮೆ, ಗೇನ್ ಜಾಸ್ತಿ ಕೇಳುತ್ತದೆ. ತುಟಿ ತಾಗಿಸಿ ಹಾಡುವವರ ಕೈಯಲ್ಲಿ ಅದ್ಭುತ. ಮೈಕನ್ನು ಆಚೀಚೆ ಆಡಿಸುವವರ ಕೈಗೆ ಕೊಟ್ಟರೆ ದನಿ ಬಂದು ಹೋಗಿ ಮಾಡುತ್ತದೆ. ಹೊಸ ಗಾಯಕರು, ನಿರೂಪಕರು, ಒಂದೇ ಮೈಕನ್ನು ಹತ್ತು ಜನ ಹಂಚಿಕೊಳ್ಳುವ ಕಾರ್ಯಕ್ರಮ ಇಂಥ ಕಡೆ ಕಾರ್ಡಿಯಾಯ್ಡೇ ವಾಸಿ.

ಹತ್ತಿರದಿಂದ ಹಾಡುವುದರಿಂದ ಇನ್ನೊಂದು ಉಪಯೋಗವಿದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಇಂಥ ಮೈಕುಗಳಿಗೆ ಬಾಯಿ ತೀರ ಹತ್ತಿರ ಬಂದರೆ ದನಿಯ ಕೆಳ ಸ್ವರಗಳು ದಪ್ಪವಾಗುತ್ತವೆ. ದೂರದ ಡ್ರಮ್ಸ್, ಬೇಸ್ ಇವಕ್ಕೆ ಈ ದಪ್ಪ ಬರುವುದಿಲ್ಲ, ಹತ್ತಿರದ ಬಾಯಿಗೆ ಮಾತ್ರ. ಈಗ ಮಿಕ್ಸರಿನಲ್ಲಿ ಆ ದಪ್ಪವನ್ನು ಇಳಿಸಿ. ಕೆಳ ಸ್ವರ ಕತ್ತರಿಸುವ ಲೋ ಕಟ್ ಅನ್ನು 120 ಹರ್ಟ್ಸ್ ಆಸುಪಾಸಿಗೆ ತನ್ನಿ, 200ರ ಸುತ್ತ ಸ್ವಲ್ಪ ತಗ್ಗಿಸಿ. ದನಿ ಸಹಜ ಸ್ಥಿತಿಗೆ ಬರುತ್ತದೆ. ಆದರೆ ಕಿಕ್ ಡ್ರಮ್, ಬೇಸ್ ಆಂಪ್, ಜನರೇಟರಿನ ಗುಂಯ್ ಇವೆಲ್ಲ ಸಹಜಕ್ಕಿಂತ ಕೆಳಗೆ ಹೋಗಿರುತ್ತವೆ. ದೂರದಿಂದ ಹಾಡುವವರಿಗೆ ಈ ಲಾಭ ಸಿಗುವುದಿಲ್ಲ. ಅವರ ದನಿಯಲ್ಲಿ ಕತ್ತರಿಸಲು ಹೆಚ್ಚುವರಿ ದಪ್ಪವೇ ಇರುವುದಿಲ್ಲವಲ್ಲ.

ಮೇಲ್ಸ್ವರದ ಉಬ್ಬನ್ನೂ ನೋಡಿ. ಮಾತು ಸ್ಪಷ್ಟವಾಗಲಿ ಎಂದು ಹೆಚ್ಚಿನ ಹಾಡುವ ಮೈಕುಗಳಲ್ಲಿ 3ರಿಂದ 10 ಕಿಲೋಹರ್ಟ್ಸ್ ನಡುವೆ ಎಲ್ಲೋ ಒಂದು ಉಬ್ಬು ಇರುತ್ತದೆ. ಮೃದು ದನಿಗೆ ಅದು ಒಳ್ಳೆಯದು. ಮೊದಲೇ ಮೊನಚಾದ ದನಿಗೆ ಅದೇ ಮೈಕ್ ಕೊಟ್ಟರೆ ಕಿವಿ ಉರಿಯುತ್ತದೆ, ಫೀಡ್‌ಬ್ಯಾಕ್ ಕೂಡ ಅಲ್ಲೇ ಮೊದಲು ಏಳುತ್ತದೆ.

ಮಿಕ್ಸರಿನಲ್ಲಿ ಮೈಕಿನ ಗುಣ ಹಾಳಾಗುವ ಎರಡು ಜಾಗಗಳನ್ನು ಹೇಳಿ ಮುಂದೆ ಹೋಗುತ್ತೇನೆ. ಒಂದು ಕಂಪ್ರೆಸರ್, ಅಂದರೆ ಜೋರು ದನಿಯನ್ನು ತಾನಾಗಿ ತಗ್ಗಿಸುವ ಸಾಧನ. ಹಾಡುವಾಗ ಅದು 6 ಡೆಸಿಬೆಲ್ ಇಳಿಸಿ, ನೀವು ಅಷ್ಟನ್ನು ಮೇಲೆ ಎತ್ತಿದ್ದರೆ, ಗಾಯಕರು ಸುಮ್ಮನಾದ ಕೂಡಲೇ ಸೋರಿಕೆ 6 ಡೆಸಿಬೆಲ್ ಮೇಲೆ ಬರುತ್ತದೆ. ಗದ್ದಲದ ವೇದಿಕೆಯಲ್ಲಿ ಅದನ್ನು ಹಿಡಿತದಲ್ಲಿಡಿ. ಇನ್ನೊಂದು, ತೆರೆದಿಟ್ಟ ಮೈಕುಗಳ ಸಂಖ್ಯೆ. ಅದು ಎರಡು ಪಟ್ಟಾದಾಗಲೆಲ್ಲ ಫೀಡ್‌ಬ್ಯಾಕಿಗೆ 3 ಡೆಸಿಬೆಲ್ ಹತ್ತಿರ ಹೋಗುತ್ತೀರಿ. ಒಂದರ ಬದಲು ನಾಲ್ಕು ತೆರೆದಿದ್ದರೆ 6 ಹೋಯಿತು. ಹಾಡದವರ ಮೈಕ್ ಮ್ಯೂಟ್ ಮಾಡುವುದು ದುಬಾರಿ ಮೈಕ್ ಕೊಳ್ಳುವುದಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ.

ನಮ್ಮ ವೇದಿಕೆಗಳು

ರಸಮಂಜರಿ, ಆರ್ಕೆಸ್ಟ್ರಾಗಳಲ್ಲಿ ಒಂದು ವಿಶೇಷವಿದೆ. ಅನೇಕ ತಂಡಗಳಲ್ಲಿ ತಾಳವಾದ್ಯದ ಬದಲು ರಿದಂ ಪ್ಯಾಡ್ ಇರುತ್ತದೆ, ಕೀಬೋರ್ಡ್ ನೇರ ಮಿಕ್ಸರಿಗೆ ಹೋಗುತ್ತದೆ. ಪ್ಯಾಡಿಗೆ ತನ್ನದೇ ಸದ್ದು ಇಲ್ಲ. ಹಾಗಾದರೆ ವೇದಿಕೆ ಅಷ್ಟು ಗದ್ದಲ ಯಾಕೆ? ಮಾನಿಟರುಗಳಿಂದ, ಪಕ್ಕದಲ್ಲಿಟ್ಟ ದೊಡ್ಡ ಸ್ಪೀಕರುಗಳಿಂದ. ಪ್ಯಾಡಿನವರಿಗೆ ಜೋರು ಬೇಕು, ಕೀಬೋರ್ಡಿನವರಿಗೆ ಅದಕ್ಕಿಂತ ಜೋರು ಬೇಕು, ಗಾಯಕರಿಗೆ ಎಲ್ಲರಿಗಿಂತ ಜೋರು ಬೇಕು. ಇದು ನಿಜವಾದ ಡ್ರಮ್ಸ್ ಅಲ್ಲ, ಇಳಿಸಬಹುದಾದ ಗದ್ದಲ. ಪ್ಯಾಡ್, ಕೀಬೋರ್ಡಿನವರಿಗೆ ಹೆಡ್‌ಫೋನ್ ಕೊಟ್ಟರೆ ಅರ್ಧ ಗೆದ್ದಂತೆ. ಇನ್ನೊಂದು, ಹೊರಗಿನ ಸ್ಪೀಕರುಗಳು ಮೈಕುಗಳ ಸಾಲಿಗಿಂತ ಮುಂದೆ ಇರಬೇಕು. ಜಾಗ ಇಲ್ಲ ಎಂದು ಅವನ್ನು ಗಾಯಕರ ಪಕ್ಕದಲ್ಲೋ ಹಿಂದೆಯೋ ಇಟ್ಟರೆ, ಯಾವ ಒಎಂ7 ತಂದರೂ ನಡೆಯುವುದಿಲ್ಲ.

ಯಕ್ಷಗಾನದ ಹಿಮ್ಮೇಳ ಇದಕ್ಕಿಂತ ಕಠಿಣ. ಭಾಗವತರ ಪಕ್ಕದಲ್ಲೇ ಮದ್ದಳೆ, ಆಚೆಗೆ ಚೆಂಡೆ. ಚೆಂಡೆಯನ್ನು ಮೆಲ್ಲಗೆ ಬಾರಿಸಿ ಅನ್ನಲು ಸಾಧ್ಯವೇ? ಅನ್ನಲೂಬಾರದು. ಅದರ ಏರೇ ಆಟದ ಜೀವ. ಭಾಗವತರ ಕೈಯಲ್ಲಿ ತಾಳವೋ ಜಾಗಟೆಯೋ ಇರುವುದರಿಂದ ಮೈಕ್ ಸ್ಟ್ಯಾಂಡಿನಲ್ಲೇ ಇರಬೇಕು. ಆ ತಾಳ ಮೈಕಿನ ಕೆಳಗೇ, ಒಂದೆರಡು ಅಡಿ ದೂರದಲ್ಲಿ ಮೊಳಗುತ್ತಿರುತ್ತದೆ.

ಇಲ್ಲಿ ನಾನು ಸೂಪರ್ ಅಥವಾ ಹೈಪರ್ ಡೈನಾಮಿಕ್ ಮೈಕನ್ನೇ ಹೇಳುತ್ತೇನೆ. ಕಾರಣ ಇಷ್ಟೇ. ಭಾಗವತರು ಕೂತಿರುತ್ತಾರೆ, ಅಲೆದಾಡುವುದಿಲ್ಲ. ಚೆಂಡೆ, ಮದ್ದಳೆ ಇರುವುದು ಪಕ್ಕದಲ್ಲಿ, ಹಿಂದಲ್ಲ. ಪಕ್ಕದ ಸದ್ದನ್ನು ಇಳಿಸುವುದರಲ್ಲೇ ಈ ಮೈಕುಗಳ ಬಲ ಇರುವುದು. 90 ಡಿಗ್ರಿಯಲ್ಲಿ ಕಾರ್ಡಿಯಾಯ್ಡ್‌ಗಿಂತ ಹೈಪರ್ 6 ಡೆಸಿಬೆಲ್ ಹೆಚ್ಚು ಇಳಿಸುತ್ತದೆ ಎಂದೆನಲ್ಲ, ಅದು ಇಲ್ಲಿ ಪೂರ್ತಿ ಕೈಗೆ ಸಿಗುತ್ತದೆ. ಸ್ಟ್ಯಾಂಡನ್ನು ಸ್ವಲ್ಪ ತಿರುಗಿಸಿ ಚೆಂಡೆ 110ರಿಂದ 125 ಡಿಗ್ರಿಗೆ ಬರುವಂತೆ ಮಾಡಿದರೆ ಇನ್ನೂ ಒಳ್ಳೆಯದು. ಭಾಗವತರ ಮುಖ ಮೈಕಿನ ನೇರಕ್ಕೇ ಇರಬೇಕು, ಚೆಂಡೆಯವರು ಮಾತ್ರ ಅದರ ಕಿವುಡು ದಿಕ್ಕಿನಲ್ಲಿ ಇರಬೇಕು. ತಾಳಕ್ಕೂ ಇದೇ ಲೆಕ್ಕ. ಮೈಕನ್ನು ಮೇಲಿನಿಂದ ಕೆಳಗೆ ನೋಡುವಂತೆ ಇಟ್ಟರೆ ಅದು ತಾಳವನ್ನೇ ನೋಡುತ್ತದೆ. ಕೆಳಗಿನಿಂದ ಸ್ವಲ್ಪ ಮೇಲಕ್ಕೆ, ಬಾಯಿಯ ಕಡೆ ನೋಡುವಂತೆ ಇಟ್ಟರೆ ತಾಳ ಅದರ ಪಕ್ಕಕ್ಕೆ, ಬೆನ್ನ ಕಡೆಗೆ ಹೋಗುತ್ತದೆ. ಕಂಡೆನ್ಸರ್ ಇಲ್ಲಿ ಬೇಡ. ತಾಳದ ಮೇಲ್ಸ್ವರವೆಲ್ಲ ಪದ್ಯದ ಮೇಲೆ ಬಂದು ಕೂರುತ್ತದೆ.

ಕೊಳ್ಳುವ ಮೊದಲು

ಸಾಧ್ಯವಾದರೆ ಎರಡು ಮೈಕ್ ತಂದು ನಿಮ್ಮ ತಂಡದ ಪ್ರಾಕ್ಟೀಸಿನಲ್ಲೇ ಹೋಲಿಸಿ. ಗಾಯಕರು ಒಂದು ಸಾಲು ಹಾಡಲಿ, ಎರಡರಲ್ಲೂ ದನಿ ಒಂದೇ ಮಟ್ಟಕ್ಕೆ ಬರುವಂತೆ ಗೇನ್ ಇಡಿ. ಆಮೇಲೆ ಗಾಯಕರು ಮೈಕಿನ ಮುಂದೆ ಸುಮ್ನೆ ನಿಂತಿರಲಿ, ತಂಡ ಪೂರ್ತಿ ಜೋರಾಗಿ ನುಡಿಸಲಿ. ಹೆಡ್‌ಫೋನಿನಲ್ಲಿ ಆ ಮೈಕನ್ನು ಮಾತ್ರ ಸೋಲೊ ಮಾಡಿ ಕೇಳಿ. ಯಾವುದರಲ್ಲಿ ಸೋರಿಕೆ ಕಡಿಮೆ, ಯಾವುದರಲ್ಲಿ ಸೋರಿಕೆ ಕಿವಿಗೆ ಹಿತವಾಗಿದೆ ಅನ್ನುವುದು ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಗೇನ್ ಹೊಂದಿಸದೆ ಹೋಲಿಸಿದರೆ ಮಾತ್ರ ಈ ಪರೀಕ್ಷೆಗೆ ಅರ್ಥವಿಲ್ಲ.

ಕಿವುಡು ದಿಕ್ಕನ್ನು ಹುಡುಕಲೂ ಸುಲಭ ದಾರಿಯಿದೆ. ಮೈಕನ್ನು ಸ್ಟ್ಯಾಂಡಿಗೆ ಹಾಕಿ, ಒಬ್ಬರು ಒಂದೇ ಸಮ ಮಾತಾಡುತ್ತಾ ಒಂದು ಮೀಟರ್ ದೂರದಲ್ಲಿ ಅದರ ಸುತ್ತ ನಡೆಯಲಿ. ಎಲ್ಲಿ ಮಾತು ಕುಗ್ಗುತ್ತದೆ ಅನ್ನುವುದನ್ನು ಹೆಡ್‌ಫೋನಿನಲ್ಲಿ ಕೇಳಿ ಗುರುತು ಮಾಡಿಕೊಳ್ಳಿ. ಮಾನಿಟರ್ ಇಡಬೇಕಾದ ಜಾಗ ಅದೇ. ವೈರ್‌ಲೆಸ್ ಮೈಕಿಗೂ ಇದು ಅನ್ವಯಿಸುತ್ತದೆ. ಎಷ್ಟೋ ವೈರ್‌ಲೆಸ್ ಹಿಡಿಕೆಗಳಿಗೆ ಬೇರೆ ಬೇರೆ ಕ್ಯಾಪ್ಸೂಲ್ ಹಾಕಬಹುದು, ಹಾಗಾಗಿ ಸೆಟ್ಟಿನ ಜೊತೆ ಬಂದದ್ದನ್ನೇ ಇಟ್ಟುಕೊಳ್ಳಬೇಕಿಲ್ಲ.

ನಕಲಿ ಎಸ್‌ಎಂ58ಗಳು ಮಾರುಕಟ್ಟೆಯಲ್ಲಿ ಬಹಳ ಇವೆ. ಅಸಲಿಯ ತೂಕ 298 ಗ್ರಾಂ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಇಟ್ಟು ನೋಡಿ. ಗಣನೀಯವಾಗಿ ಹಗುರವಾಗಿದ್ದರೆ ಅನುಮಾನಿಸಿ. ಬೆಲೆ ಅರ್ಧಕ್ಕೆ ಅರ್ಧ ಇದ್ದರೆ ತೂಗುವ ಅಗತ್ಯವೂ ಇಲ್ಲ. ನಕಲಿಯಲ್ಲಿ ದನಿ ಒಂದು ಮಟ್ಟಿಗೆ ಬರಬಹುದು, ಆದರೆ ಹಿಂದಿನ ಸದ್ದನ್ನು ಕಳೆಯುವ ಆ ಸೀಳುಗಳ ಲೆಕ್ಕಾಚಾರ ಅಸಲಿಯಷ್ಟು ಕರಾರುವಾಕ್ಕಾಗಿ ಇರುತ್ತದೆಂದು ನಂಬುವ ಹಾಗಿಲ್ಲ.

ಮೈಕ್ ಮನೆಗೆ ಬಂದ ಮೇಲೆ ಜಾಲರಿಯನ್ನು ಆಗಾಗ ಬಿಚ್ಚಿ ಒಳಗಿನ ಫೋಮ್ ತೊಳೆದು, ಪೂರ್ತಿ ಒಣಗಿಸಿ ಮತ್ತೆ ಹಾಕಿ. ಉಗುಳು, ಧೂಳು ತುಂಬಿದ ಫೋಮ್ ಮೇಲ್ಸ್ವರವನ್ನು ನುಂಗುತ್ತದೆ. ಆಗ ನೀವು ಈಕ್ಯೂನಲ್ಲಿ ಮೇಲ್ಸ್ವರ ಏರಿಸುತ್ತೀರಿ, ಸಿಂಬಲ್ ಮತ್ತೆ ಒಳಗೆ ಬರುತ್ತದೆ.